ಸಹಿ ಮಾಡುವ ಕೈ

ಹಂಚಿನ ಮೇಲಿದ್ದ ರೊಟ್ಟಿಗೆ ಒದ್ದೆಬಟ್ಟೆಯಿಂದ ನೀರು ಸವರಿ, ಪಾರ್ವತೆಮ್ಮ ಮುಂದಿನ ಉಂಡೆಯನ್ನು ಪರಾತದಲ್ಲಿಟ್ಟು ಬಡಿಯತೊಡಗಿದ್ದಳು. ಹೊಸ ಜೋಳ, ಹಿಟ್ಟಿಗೆ ಜಿಗಿಯಿತ್ತು. ಅಂಚು ಒಡೆಯದೆ ಅಂಗೈಯ ಕೆಳಗೆ ತಾನೇ ಹರಡಿಕೊಳ್ಳುತ್ತಿತ್ತು. ಹೊರಗಿನ ಕಟ್ಟೆಯ ಮೇಲೆ ಯಾರೋ ಕೂತು ಗಂಡನ ಜೊತೆ ಮಾತಾಡುತ್ತಿದ್ದರು. ರೊಟ್ಟಿ ಬಡಿಯುವ ಸಪ್ಪಳದಲ್ಲಿ ಮಾತು ಅರ್ಧ ಕೇಳುತ್ತಿತ್ತು, ಅರ್ಧ ಕೇಳುತ್ತಿರಲಿಲ್ಲ. ಯಾರಾದರೂ ಇರಲಿ, ಚಹಾ ಕೊಟ್ಟಾಗಿದೆಯಲ್ಲ ಎಂದುಕೊಂಡು ರೊಟ್ಟಿ ತಿರುವಿ ಹಾಕಿದಳು.

“ಏನಿಲ್ರೀ, ಪಾಸ್‌ಪೋರ್ಟ್ ಆಫೀಸಿನಿಂದ ಕಾಗದ ಬಂದದ. ಇವ್ರ ಮ್ಯಾಲೆ ಕೇಸು ಗೀಸು ಏನೂ ಇಲ್ಲಂತ ನಮ್ಮ ಠಾಣೆದವ್ರು ಬರದು ಕೊಡಬೇಕು. ಪಾರ್ವತೆಮ್ಮ ಅಂದ್ರ ನಿಮ್ಮ ಮನಿಯವರೇ ಹೌದಲ್ರೀ?”

“ಹೌದು.”

“ಥಾಯ್ಲೆಂಡಿಗೆ ಹೊಂಟಾರಂತಲ್ರೀ, ಅಲ್ಲೇ ಇರಾಕ. ರಿಟೈರ್ ಆದವ್ರಿಗೆ ಅದೇನೋ ವೀಸಾ ಕೊಡ್ತಾರಂತ. ಚಲೋ ಆತು ಬಿಡ್ರಿ. ನೀವೂ ಹೊಂಟೀರೇನು?”

ಪಾರ್ವತೆಮ್ಮನ ಕೈ ಹಿಟ್ಟಿನ ಮೇಲೆ ನಿಂತುಬಿಟ್ಟಿತು. ಠಾಣೆಗೆ ನಾನೇ ಬರುತ್ತೇನೆ, ಮನೆಗೆ ಬರುವುದು ಬೇಡ ಎಂದು ಆಕೆ ಹೇಳಿಯೇ ಬಂದಿದ್ದಳು. ಆದರೆ ಆ ಪೊಲೀಸಿನವನು ಸಣ್ಣವನಿದ್ದಾಗ ಆಕೆಯ ಕೈಯಲ್ಲೇ ಸೂಜಿ ಚುಚ್ಚಿಸಿಕೊಂಡವನು. ಇಷ್ಟು ದೊಡ್ಡ ಸಿಸ್ಟರನ್ನು ಠಾಣೆಯ ಮೆಟ್ಟಿಲು ಹತ್ತಿಸುವುದೇ ಎಂದು, ಮರ್ಯಾದೆಗೆಂದೇ ತಾನೇ ಬೈಕ್ ಹತ್ತಿ ಬಂದಿದ್ದ. ಚಹಾ ಚಲೋ ಆಗಿತ್ತು ಎಂದು ಹೇಳಿ ಹೋದ.

ವೆಂಕೋಬ ಒಳಗೆ ಬಂದ. ಬಸ್ಸು ಓಡಿಸಿ ನಿವೃತ್ತನಾದ ಮನುಷ್ಯ; ಎತ್ತರ, ಅಗಲ ಹೆಗಲು, ಕೂಗಾಡುವ ಸ್ವಭಾವದವನಲ್ಲ. ಅವನು ಕೂಗದಿದ್ದಾಗಲೇ ಪಾರ್ವತೆಮ್ಮ ಹೆಚ್ಚು ಹೆದರುತ್ತಿದ್ದಳು.

“ಯಾವಾಗ ಹೊಂಟಿ?”

ಆಕೆ ಕೈಗಂಟಿದ ಹಿಟ್ಟನ್ನು ಪರಾತದ ಅಂಚಿಗೆ ಒರೆಸಿದಳು.

“ರಿಟೈರಾದ ರೊಕ್ಕ ಇನ್ನೂ ಬಂದಿಲ್ಲ ಅಂದಿ. ಫೈಲು ಮ್ಯಾಲಿನ ಆಫೀಸಿನ್ಯಾಗ ಸಿಕ್ಕೊಂಡದ ಅಂದಿ. ಸುಳ್ಳಾ?”

“ಬಂದದ.”

“ಎಲ್ಲಿ ಅದ?”

“ಮಾನ್ವಿ ಬ್ಯಾಂಕಿನ್ಯಾಗ. ನನ್ನ ಹೆಸರಿಲೆ.” ಆಕೆ ತಲೆಯೆತ್ತಿದಳು. “ಅದನ್ನ ಮುಟ್ಟಬ್ಯಾಡ್ರಿ. ಎರಡು ತಿಂಗಳಾದ್ರೂ ಅಲುಗಾಡದಂಗ ಇರಬೇಕದು. ಇಷ್ಟು ದಿನ ಕೇಳಿದ್ದೆಲ್ಲ ಕೊಟ್ಟೀನಿ. ಇದೊಂದು ನನ್ನದು.”

ನಡುಮನೆಯಲ್ಲಿ ಮಗ ಹುಲಿಗೇಶ ಮೊಬೈಲು ನೋಡುತ್ತ ಕೂತಿದ್ದ. ದೇವದುರ್ಗದಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಪ್ಲಾಟು ನೋಡಿದ್ದ ಅವನು ಅದರ ರೊಕ್ಕದ ಸಲುವಾಗಿಯೇ ಹಿಂದಿನ ದಿನ ಬಂದಿದ್ದ. ಅಪ್ಪನ ಮುಖವನ್ನೊಮ್ಮೆ, ಅವ್ವನ ಮುಖವನ್ನೊಮ್ಮೆ ನೋಡಿದ. ಎದ್ದು ಹೋಗಿ ಬೀದಿಬಾಗಿಲು ಹಾಕಿದ. ಕಿಟಕಿಯನ್ನೂ ಹಾಕಿದ.

ವೆಂಕೋಬ ಆಕೆಯ ಬಲ ಮಣಿಕಟ್ಟು ಹಿಡಿದ. ಸ್ಟೇರಿಂಗ್ ತಿರುಗಿಸಿದ ಕೈ ಅದು. ಆಕೆ ಎಳೆದುಕೊಂಡಳು, ಪರಾತ ಮಗುಚಿತು, ಹಿಟ್ಟು ಚೆಲ್ಲಿತು. ಅವನು ಆ ಕೈಯನ್ನು ತಂದು, ರೊಟ್ಟಿಯ ಪಕ್ಕಕ್ಕೆ, ಬರಿ ಹಂಚಿನ ಮೇಲೆ ಒತ್ತಿ ಹಿಡಿದ.

ಮೊದಲು ಸಪ್ಪಳ ಬಂತು, ಆಮೇಲೆ ವಾಸನೆ. ನೋವು ಎಲ್ಲಕ್ಕಿಂತ ಕಡೆಗೆ ಬಂತು. ಆಕೆಯ ಬಾಯಿಂದ ಹೊರಟ ದನಿ ಆಕೆಗೇ ತನ್ನದೆನ್ನಿಸಲಿಲ್ಲ. ಹೆರಿಗೆ ವಾರ್ಡಿನಲ್ಲಿ ಕೇಳಿದ ಯಾರದೋ ದನಿಯಂತಿತ್ತು.

“ಏ ಯಪ್ಪಾ!” ಹುಲಿಗೇಶ ಓಡಿಬಂದು ಅಪ್ಪನ ರಟ್ಟೆ ಹಿಡಿದು ಜಗ್ಗಿದ. “ತಲಿಗಿಲಿ ಅದ ಏನು ನಿನಗ? ಸಹಿ ಮಾಡೋ ಕೈ ಸುಟ್ಟೀಯಲ್ಲೋ! ಇನ್ನೊಂದು ಕೈ ಇರಲಿಲ್ಲೇನು?”

ವೆಂಕೋಬ ಕೈ ಬಿಟ್ಟ. ತಾನು ಮಾಡಿದ ತಪ್ಪು ಅವನಿಗೆ ಆಗ ತಿಳಿಯಿತು. ಪಾರ್ವತೆಮ್ಮ ನಲ್ಲಿಯ ಕೆಳಗೆ ಕೈ ಹಿಡಿದು ಕೂತಳು. ಅಂಗೈಯ ಚರ್ಮ, ಬೆರಳುಗಳ ಒಳಮೈ, ಹೆಬ್ಬೆಟ್ಟಿನ ಗೆರೆ ಎಲ್ಲ ಬೆಳ್ಳಗಾಗಿ ಸುರುಟಿಕೊಳ್ಳುತ್ತಿದ್ದವು. ನೀರು ಹರಿಯುತ್ತಿದ್ದಂತೆ ಆಕೆಯ ತಲೆಯೊಳಗಿನ ನರ್ಸು ತನ್ನಷ್ಟಕ್ಕೆ ಲೆಕ್ಕ ಹಾಕುತ್ತಿದ್ದಳು: ಆಳವಾಗಿ ಸುಟ್ಟಿದೆ, ಪೆನ್ನು ಹಿಡಿಯಲು ಬಹಳ ದಿನ ಬೇಕು. ಹಂಚಿನ ಮೇಲಿನ ರೊಟ್ಟಿ ಕರಕಲಾಗಿ ಹೊಗೆಯಾಡುತ್ತಿತ್ತು. ಅದನ್ನು ಯಾರೂ ತೆಗೆಯಲಿಲ್ಲ.

ಡಾಕ್ಟರು ಹೇಗಾಯಿತೆಂದು ಕೇಳಿದಾಗ, “ಕಾಲು ಜಾರಿ ಹಂಚಿನ ಮ್ಯಾಲೆ ಕೈ ಊರಿದೆ” ಎಂದಳು. ಹುಲಿಗೇಶ ಪಕ್ಕದಲ್ಲೇ ನಿಂತಿದ್ದ. ಇದೇ ಮಾತನ್ನು ಆಕೆ ಸರ್ವಿಸಿನುದ್ದಕ್ಕೂ ಎಷ್ಟು ಹೆಂಗಸರ ಬಾಯಿಂದ ಕೇಳಿರಲಿಲ್ಲ! ಒಲೆಯ ಮೇಲೆ ಬಿದ್ದೆ, ಬಾಗಿಲಿಗೆ ಹಣೆ ಬಡಿಯಿತು, ಎಮ್ಮೆ ಒದೆಯಿತು. ನಂಬದೆಯೂ ಬರೆದುಕೊಂಡಿದ್ದಳು. ಅವರಲ್ಲಿ ಯಾರಾದರೂ ಕೇಸು ಹಾಕಿದರೆ, ಮುಂದೆ ವರ್ಷಗಟ್ಟಲೆ ಕೋರ್ಟಿನ ಕಟ್ಟೆಯ ಮೇಲೆ ಬುತ್ತಿ ಗಂಟು ಹಿಡಿದು ಕೂತಿರುವುದನ್ನೂ ನೋಡಿದ್ದಳು. ತನಗೆ ಕೋರ್ಟಿನ ಕಟ್ಟೆ ಬೇಕಿರಲಿಲ್ಲ. ತನಗೆ ಬೇಕಿದ್ದದ್ದು ಒಂದು ಕೋಣೆ.

ಆ ಕೋಣೆಯನ್ನು ಆಕೆ ನೋಡಿದ್ದಳು. ಐದಾರು ವರ್ಷದ ಹಿಂದೆ ಬುದ್ಧ ವಿಹಾರದ ಹೆಂಗಸರೆಲ್ಲ ಸೇರಿ ಥಾಯ್ಲೆಂಡಿಗೆ ಯಾತ್ರೆ ಹೋಗಿದ್ದರು. ಅಲ್ಲಿಯ ಒಂದು ಸಣ್ಣ ಊರಿನಲ್ಲಿ ನಾಗಪುರದ ಒಬ್ಬ ಉಪಾಸಿಕೆ, ಆಕೆಯ ಹಾಗೇ ನಿವೃತ್ತಳಾದವಳು, ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇದ್ದಳು. ಪಾರ್ವತೆಮ್ಮ ಒಂದು ಬೆಳಗು ಪೂರ್ತಿ ಆ ಕೋಣೆಯ ಮುಂದೆ ಕೂತಿದ್ದಳು. ಎಲ್ಲಿಗೆ ಹೋಗಿದ್ದಿ ಎಂದು ಯಾರೂ ಕೇಳಲಿಲ್ಲ. ಗುಡಿ, ಬುದ್ಧನ ಮೂರ್ತಿ, ಸಮುದ್ರ ಎಲ್ಲ ಕಾಲಕ್ರಮದಲ್ಲಿ ಮಸುಕಾದವು. ಆ ಬಾಗಿಲಿಗೆ ಒಳಗಿನಿಂದ ಹಾಕುವ ಚಿಲಕ ಮಾತ್ರ ನೆನಪಿನಲ್ಲಿ ಉಳಿಯಿತು. ರಾಯಚೂರಿನ ತನ್ನ ಮನೆಯಲ್ಲಿ ಬಚ್ಚಲಮನೆಗೂ ಚಿಲಕ ಇರಲಿಲ್ಲ. ಒಮ್ಮೆ ಆಕೆ ಒಳಗೆ ಸೇರಿ ಬಾಗಿಲು ಹಾಕಿಕೊಂಡದ್ದಕ್ಕೆ ವೆಂಕೋಬ ಅದನ್ನು ಕಿತ್ತು ಹಾಕಿದ್ದ. ಮತ್ತೆ ಹಚ್ಚಿರಲಿಲ್ಲ.

ಇಲ್ಲಿರುವ ವೀಸಾಕ್ಕೆ ವಯಸ್ಸು ಐವತ್ತು ದಾಟಿರಬೇಕು, ನಾಗಪುರದವಳು ಬೆರಳು ಮಡಚಿ ಹೇಳಿದ್ದಳು. ಎಂಟು ಲಕ್ಷ ಬಾತ್, ನಮ್ಮ ಲೆಕ್ಕದಲ್ಲಿ ಇಪ್ಪತ್ತು ಲಕ್ಷದ ಮೇಲೆ, ನಿನ್ನೊಬ್ಬಳ ಹೆಸರಿನಲ್ಲಿ ಬ್ಯಾಂಕಿನಲ್ಲಿರಬೇಕು. ನಿನ್ನೆ ಯಾರದೋ ಕೈಯಿಂದ ಇಸಿದುಕೊಂಡು ತುಂಬಿದ ರೊಕ್ಕವಲ್ಲ ಎಂದು ಅವರಿಗೆ ಅನ್ನಿಸುವಷ್ಟು ದಿನ ಅದು ಕದಲದೆ ಕೂತಿರಬೇಕು. ಎರಡು ತಿಂಗಳಾದರೂ ಇರಲಿ.

ರೊಕ್ಕ ಕೂಡಿಸುವುದಕ್ಕಿಂತ ಅದನ್ನು ಕದಲದಂತೆ ಇಡುವುದೇ ಕಷ್ಟ ಎಂಬುದು ಪಾರ್ವತೆಮ್ಮನಂಥ ಹೆಂಗಸಿಗಷ್ಟೇ ಗೊತ್ತು. ಆಕೆಯ ತಾಯಿ ಅಕ್ಕಿ ಗಿರಣಿಯಲ್ಲಿ ಬತ್ತ ಹೊತ್ತು, ಶನಿವಾರದ ಕೂಲಿಯನ್ನು ಗಂಡನ ಕೈಗಿಟ್ಟು, ಸಂತೆಗೆ ಅವನಿಂದಲೇ ಬೇಡಿ ತರುತ್ತಿದ್ದಳು. ಮಗಳು ಓದಿ ಬಿಳಿ ಸೀರೆ ಉಟ್ಟು ಸರಕಾರಿ ಸಿಸ್ಟರ್ ಆದಳು; ಆದರೆ ಎಟಿಎಂ ಕಾರ್ಡು ಗಂಡನ ಅಂಗಿಯ ಜೇಬಿನಲ್ಲೇ ಸವೆಯಿತು. ಚೆಕ್‌ಬುಕ್ ಬಂದ ದಿನವೇ ಎಲ್ಲ ಹಾಳೆಗೂ ಸಹಿ ಮಾಡಿ ಕೊಡುವುದು ಅವರ ಓಣಿಯ ನೌಕರಿ ಹೆಂಗಸರೆಲ್ಲ ಪಾಲಿಸುವ ರಿವಾಜು. “ನಮ್ಮ ಮನಿಯವ್ರೇ ಎಲ್ಲಾ ನೋಡ್ಕೋತಾರ, ನನಗೇನೂ ಗೊತ್ತಾಗಂಗಿಲ್ರೀ” ಎಂದು ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುವುದೂ ರಿವಾಜೇ.

ಅದಕ್ಕೇ ನಿವೃತ್ತಿಯ ರೊಕ್ಕಕ್ಕೆ ಆಕೆ ತಾನು ಕಡೆಗೆ ಕೆಲಸ ಮಾಡಿದ ಮಾನ್ವಿಯಲ್ಲಿ ಬೇರೆ ಖಾತೆ ತೆಗೆದಿದ್ದಳು. ಕಾರ್ಡು ಬೇಡ ಎಂದಿದ್ದಳು, ಚೆಕ್‌ಬುಕ್ ಬೇಡ ಎಂದಿದ್ದಳು, ಫೋನಿನಲ್ಲೂ ಏನೂ ಬೇಡ. ಆಕೆ ಖುದ್ದು ಬಂದು ಸಹಿ ಮಾಡಿದರೆ ಮಾತ್ರ ಅದು ತೆರೆಯುವ ಬಾಗಿಲು. ಆ ಬಾಗಿಲಿನ ಕೀಲಿಯನ್ನೇ ಗಂಡ ಹಂಚಿನ ಮೇಲಿಟ್ಟು ಸುಟ್ಟಿದ್ದ.

ಮುಂದಿನ ದಿನಗಳಲ್ಲಿ ಮನೆಯಲ್ಲಿ ಎಂದೂ ಇಲ್ಲದ ಅಕ್ಕರೆ ಶುರುವಾಯಿತು. ವೆಂಕೋಬ ತಾನೇ ಮುಲಾಮು ಹಚ್ಚಿದ. ಮೋಸಂಬಿ ತಂದ. ಅನ್ನ ಕಲಸಿ ತುತ್ತು ಮಾಡಿ ಬಾಯಿಗಿಟ್ಟ. “ಉಣ್ಣು, ಉಣ್ಣು. ಮೈಯಾಗ ಕಸುವು ಬಂದ್ರ ಗಾಯ ಲಗೂನ ಮಾಯ್ತದ.” ಹುಲಿಗೇಶ ದೇವದುರ್ಗದಿಂದ ದಿನಾ ಫೋನು ಮಾಡಿ, “ಯವ್ವಾ, ಬೆರಳು ಮಡಚಾಕ ಬರ್ತಾವೇನು?” ಎಂದು ಕೇಳಿದ. ನೋವು ಹೇಗಿದೆ ಎಂದು ಕೇಳಲಿಲ್ಲ. ಮದುವೆಯಾದಾಗಿನಿಂದ ಯಾರೂ ಇಷ್ಟು ಮೆತ್ತಗೆ ಮುಟ್ಟಿರದ ಹೆಂಗಸು, ಆ ಮುಲಾಮಿನ ಬೆರಳಿಗೆ ಒಂದು ಗಳಿಗೆ ಕಣ್ಣು ಮುಚ್ಚಿಕೊಂಡದ್ದೂ ಉಂಟು. ಆಮೇಲೆ ತನ್ನ ಮೇಲೆ ತನಗೇ ಹೇಸಿಗೆಯಾಗುತ್ತಿತ್ತು.

ಸುಗ್ರಾ ಬೇಗಂ ನೋಡಲು ಬಂದಳು. ಪಾರ್ವತೆಮ್ಮನ ಜೊತೆಗೇ ಸೇವೆಗೆ ಸೇರಿ ಜೊತೆಗೇ ನಿವೃತ್ತಳಾದ ಸಿಸ್ಟರ್. ವೀಸಾದ ಅರ್ಜಿಯೆಲ್ಲ ಅವಳ ಮೊಬೈಲಿನಲ್ಲೇ ಇತ್ತು. ವೆಂಕೋಬ ಕುರ್ಚಿ ಎಳೆದುಕೊಂಡು ಎದುರಿಗೇ ಕೂತ.

“ನಿನ್ನ ಹಂಚಿಗೆ ಕಣ್ಣಿಲ್ಲೇನ್ ಬೇ?” ಸುಗ್ರಾ ಕೈಯನ್ನು ತಿರುವಿ ನೋಡಿದಳು. ನರ್ಸಿಗೆ ಹೇಳುವುದೇನು, ಜಾರಿ ಊರಿದ ಕೈ ಹೀಗೆ ಒಂದೇ ಸಮ ಸುಡುವುದಿಲ್ಲ. ಅವಳು ವೆಂಕೋಬನ ಕಡೆ ತಿರುಗಿದಳು. “ವೆಂಕೋಬಣ್ಣಾ, ಇಷ್ಟು ವರ್ಷ ಬಸ್ಸು ಓಡಿಸಿದ್ರಿ, ಒಂದು ಕೋಳಿ ಮ್ಯಾಲೂ ಹಾಯಿಸಲಿಲ್ಲಂತ. ಮನ್ಯಾಗ ಯಾಕ್ರೀ ಬ್ರೇಕೇ ಹತ್ತಂಗಿಲ್ಲ?”

“ಚಹಾ ಕುಡದು ಹೋಗು ಸುಗ್ರಾಬೀ,” ಎಂದ ವೆಂಕೋಬ.

“ಸಕ್ಕರಿ ಕಮ್ಮಿ ಹಾಕ್ರಿ. ನಿಮ್ಮ ಕೈಯಾಂದಂದ್ರ ಹಂಗೇ ಸಿಹಿ ಇರ್ತದ.”

ಅವನು ಎದ್ದು ಒಳಗೆ ಹೋಗಲೇಬೇಕಾಯಿತು. ಸುಗ್ರಾ ಬಗ್ಗಿ ಪಿಸುಗುಟ್ಟಿದಳು. “ಪೊಲೀಸ್ ಕಾಗದ ಆಗ್ಯದ. ಡಾಕ್ಟರ ಕಾಗದ ಮೊದಲೇ ಆಗಿತ್ತು. ಕುಷ್ಠ ಇಲ್ಲ, ಕ್ಷಯ ಇಲ್ಲ, ಆನೆಕಾಲಿಲ್ಲ ಅಂತೆಲ್ಲ ಬರಸ್ಕೋತಾರ. ಗಂಡನ ರೋಗ ಇಲ್ಲ ಅಂತ ಬರೀರಿ ಅಂದಿಲ್ಲ ನೋಡು, ಪುಣ್ಯ.” ಪಾರ್ವತೆಮ್ಮನಿಗೆ ನಗು ಬಂತು, ನಕ್ಕರೆ ಕೈ ಸೆಳೆಯಿತು. “ಬ್ಯಾಂಕಿಂದೊಂದೇ ಬಾಕಿ. ಅಂಬೇಡ್ಕರ್ ಜಯಂತಿ ದಾಟೋತನಕ ರೊಕ್ಕ ಅಲ್ಲೇ ಇದ್ರ ಸಾಕು, ಅವತ್ತಿಗೆ ಎರಡು ತಿಂಗಳು ತುಂಬ್ತಾವ. ಅಲ್ಲೀತನಕ ಹೆಂಗರ ತಡಕೋ. ತಡಿತೀಯೇನು?”

“ಗಾಯ ಮಾಯದಿದ್ರ ತಡಿತೀನಿ,” ಎಂದಳು ಪಾರ್ವತೆಮ್ಮ.

ಸುಗ್ರಾ ಅದನ್ನು ಬರೀ ಮಾತೆಂದು ತಿಳಿದಳು.

ಆಡಿದ ಪಾರ್ವತೆಮ್ಮನಿಗೂ ಮೊದಲು ಅದು ಬರೀ ಮಾತೇ ಆಗಿತ್ತು. ಆದರೆ ವಾರ ಕಳೆಯುತ್ತಿದ್ದಂತೆ ಅಂಗೈಯ ಅಂಚಿನಿಂದ ಹೊಸ ಚರ್ಮ ಗುಲಾಬಿಯಾಗಿ ಒಳಮುಖ ಹಬ್ಬತೊಡಗಿತು. ಬೇರೆ ಯಾರ ಕೈಯಾದರೂ ಆಗಿದ್ದರೆ ಆಕೆ ಸಂತೋಷಪಡುತ್ತಿದ್ದಳು. ತನ್ನ ಮೈ ತನಗೇ ವೈರಿಯಾಗಿ, ಗಂಡನ ಪಕ್ಷ ವಹಿಸಿ ಕೆಲಸ ಮಾಡುತ್ತಿದೆ ಎನ್ನಿಸಿತು. ಒಂದು ಬೆಳಿಗ್ಗೆ ಸ್ನಾನಕ್ಕೆ ಹೋದಾಗ, ಚಿಲಕವಿಲ್ಲದ ಬಾಗಿಲಿಗೆ ಬೆನ್ನು ಕೊಟ್ಟು ಕೂತು, ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಆ ಹೊಸ ಚರ್ಮವನ್ನು ಎತ್ತಿ ತೆಗೆದಳು. ಸಾವಿರ ಜನರ ಗಾಯ ಮಾಯಿಸಿದ ಬೆರಳು, ಒಂದು ಗಾಯ ಮಾಯದಂತೆ ಕಾಯತೊಡಗಿತು.

ಹುಲಿಗೇಶನಿಗೆ ತಾಳ್ಮೆ ಇರಲಿಲ್ಲ. ಪ್ಲಾಟಿನವನು ಬೇರೆ ಗಿರಾಕಿ ನೋಡುತ್ತಿದ್ದ. ಗೆಳೆಯನ ಕಾರು ತಂದು ಅಪ್ಪ ಅವ್ವ ಇಬ್ಬರನ್ನೂ ಕೂಡಿಸಿಕೊಂಡು ಮಾನ್ವಿಗೆ ಹೊಡೆದ.

ಬ್ಯಾಂಕಿನ ಬೆಂಚಿನ ಮೇಲೆ ಕೂತಾಗ ಪಾರ್ವತೆಮ್ಮನಿಗೆ ಆಸ್ಪತ್ರೆಯ ಗುಮಾಸ್ತ ಸೂಗಪ್ಪನ ನೆನಪಾಯಿತು. ಲಕ್ವಾ ಹೊಡೆದು ಅವನ ಬಲಮೈ ಬಿದ್ದುಹೋದಾಗ, ಆಕೆಯೇ ರಿಕ್ಷಾದಲ್ಲಿ ಅವನನ್ನು ಕರೆತಂದು ಇದೇ ಬೆಂಚಿನ ಮೇಲೆ ಕೂಡಿಸಿ ಎಡಗೈಯ ಹೊಸ ಸಹಿ ಮಾಡಿಸಿದ್ದಳು. ಸೂಗಪ್ಪ ಸಣ್ಣ ಮಗುವಿನ ಹಾಗೆ ನಾಲಿಗೆ ಕಚ್ಚಿ ಬರೆದಿದ್ದ. ನೆನಪು ಬಂತು, ಹೋಯಿತು. ಹುಲಿಗೇಶ ಆಕೆಯ ರಟ್ಟೆ ಹಿಡಿದು ಎಬ್ಬಿಸಿದ.

ಶೈಲಶ್ರೀ ಎಂಬ ಹೆಸರಿನ ಸಣ್ಣ ವಯಸ್ಸಿನ ಅಧಿಕಾರಿ ರೊಕ್ಕ ತೆಗೆಯುವ ಅರ್ಜಿಯನ್ನು ಮುಂದೆ ಸರಿಸಿದಳು. ಪಾರ್ವತೆಮ್ಮ ಬಟ್ಟೆ ಸುತ್ತಿದ ಬಲಗೈಯಲ್ಲಿ ಪೆನ್ನು ಹಿಡಿದಳು. ಹಿಡಿದಂತೆ ಮಾಡಲಿಲ್ಲ, ನಿಜವಾಗಿಯೂ ಒತ್ತಿ ಹಿಡಿದಳು. ಗೆರೆ ಎಲ್ಲಿಗೋ ಹೋಯಿತು; ಬಟ್ಟೆಯೊಳಗಿಂದ ಕೆಂಪು ಒಸರಿ ಕಾಗದದ ಮೇಲೆ ಹತ್ತಿತು.

“ಬ್ಯಾಡ್ರೀ ಅಮ್ಮಾ, ಬಿಡ್ರಿ, ಬಿಡ್ರಿ.”

“ಹೆಬ್ಬೆಟ್ಟು ತಗೊಳ್ರಿ ಮೇಡಂ,” ಎಂದ ಹುಲಿಗೇಶ. “ಎಡಗೈದು ತಗೊಳ್ರಿ. ನಾ ಮಗ ಅದೀನಿ, ಅಪ್ಪ ಅದಾನ. ಸಾಕ್ಷಿ ಇನ್ನೇನು ಬೇಕು?”

ಶೈಲಶ್ರೀ ಮಗನನ್ನು ನೋಡಲಿಲ್ಲ. ಪಾರ್ವತೆಮ್ಮನ ಕುತ್ತಿಗೆಯ ಹತ್ತಿರ ಹಳದಿಯಾಗಿದ್ದ ಹಳೆಯ ಗುರುತನ್ನು ನೋಡಿದಳು. “ಅಮ್ಮಾ, ಇದನ್ನ ತೆಗೀಬೇಕಂತ ನಿಮಗ ಮನಸದ ಏನು?”

ಉತ್ತರಕ್ಕಾಗಿ ಇಬ್ಬರು ಗಂಡಸರೂ ಬಗ್ಗಿದರು.

“ಕೈ ಆರಾಮಾಗಲಿ,” ಎಂದಳು ಪಾರ್ವತೆಮ್ಮ.

“ಹಂಗಾದ್ರ ಆರಾಮಾದ ಮ್ಯಾಲೆ ಬರ್ರಿ. ಇಷ್ಟು ದೊಡ್ಡ ಮೊತ್ತ. ಸಹಿ ಇಲ್ದ ನಾ ಕೊಡಂಗಿಲ್ಲ.” ಶೈಲಶ್ರೀ ಅರ್ಜಿಯನ್ನು ಎರಡಾಗಿ ಹರಿದು ಬುಟ್ಟಿಗೆ ಹಾಕಿದಳು.

ವಾಪಸು ಬರುವಾಗ ನೀರಮಾನ್ವಿಯ ತಿರುವಿನಲ್ಲಿ ಹುಲಿಗೇಶ ಕಾರನ್ನು ಬೇವಿನ ಮರದ ಕೆಳಗೆ ನಿಲ್ಲಿಸಿದ. ಮಂಗಳವಾರ, ಯಲ್ಲಮ್ಮನ ಗುಡಿಗೆ ಹೊರಟ ಹೆಂಗಸರು ಅರಿಸಿನ ಬಳಿದುಕೊಂಡು ಸಾಲಾಗಿ ನಡೆದಿದ್ದರು. ಹಿಂದಿನ ಸೀಟಿನಲ್ಲಿ ವೆಂಕೋಬ ಪಕ್ಕಕ್ಕೆ ತಿರುಗಿ ಶುರು ಮಾಡಿದ. ಬೆನ್ನಿಗೆ, ಪಕ್ಕೆಗೆ, ತಲೆಗೆ. ಮೊಣಕೈಯಿಂದ, ಮುಷ್ಟಿಯಿಂದ, ಇಷ್ಟು ಇಕ್ಕಟ್ಟಿನಲ್ಲಿ ಆಗುವಷ್ಟು ಬಲದಿಂದ. ಆಕೆಯ ಹಣೆ ಕಿಟಕಿಯ ಗಾಜಿಗೆ ಬಡಿಯಿತು. ಮುಂದಿನ ಸೀಟಿನಿಂದ ಹುಲಿಗೇಶ ಕನ್ನಡಿಯಲ್ಲಿ ನೋಡುತ್ತ ಒಂದೇ ಮಾತು ಹೇಳುತ್ತಿದ್ದ: “ಕೈಗೆ ಬ್ಯಾಡ ಯಪ್ಪಾ. ಕೈಗೆ ಬ್ಯಾಡ.” ವೆಂಕೋಬ ಮಗನ ಮಾತು ಮೀರಲಿಲ್ಲ. ಆಕೆಯ ಬಲಗೈಯನ್ನು ಎತ್ತಿ ಸೀಟಿನ ಮೇಲೆ ಜೋಪಾನವಾಗಿ ಬದಿಗಿಟ್ಟು, ಉಳಿದ ಮೈಯನ್ನು ಹೊಡೆದ.

ಹಾದಿಯ ಹೆಂಗಸೊಬ್ಬಳು ಬಗ್ಗಿ ಗಾಜಿನೊಳಗೆ ನೋಡಿದಳು. ಇಬ್ಬರ ಕಣ್ಣೂ ಕೂಡಿದವು. ಅವಳು ಸೆರಗು ಎಳೆದುಕೊಂಡು, “ಉಧೋ ಉಧೋ” ಎನ್ನುತ್ತ ಮುಂದೆ ಹೋದಳು. ಪಾರ್ವತೆಮ್ಮನಿಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ವಾರ್ಡಿನಲ್ಲಿ ಎಷ್ಟೋ ಸಲ ತಾನೂ ಹೀಗೇ ನೋಡಿ, ಮುಂದಿನ ಮಂಚಕ್ಕೆ ಹೋಗಿದ್ದಳು.

ಅದಾದ ಮೇಲೆ ಮನೆಗೆಲಸಕ್ಕೆಂದು ಹುಲಿಗೇಶ ಹೆಂಡತಿ ಮೇಘಾಳನ್ನೂ ಕೂಸನ್ನೂ ರಾಯಚೂರಿಗೆ ತಂದು ಬಿಟ್ಟ. ಮೇಘಾ ಮಾತು ಕಡಿಮೆಯ ಹುಡುಗಿ. ಬಿಸಿಲಿನಲ್ಲೂ ಉದ್ದ ತೋಳಿನ ಕುಪ್ಪಸ ತೊಡುತ್ತಿದ್ದಳು. ಯಾಕೆಂದು ಪಾರ್ವತೆಮ್ಮ ಕೇಳಲಿಲ್ಲ. ಮುಲಾಮಿನ ಕೆಲಸ ಈಗ ಸೊಸೆಯದಾಯಿತು. ಬಟ್ಟೆ ಬಿಚ್ಚಿದಾಗಲೆಲ್ಲ ಅವಳು ಅತ್ತೆಯ ಅಂಗೈಯನ್ನು, ಆಮೇಲೆ ಅತ್ತೆಯ ಎಡಗೈಯ ಉಗುರುಗಳನ್ನು ನೋಡುತ್ತಿದ್ದಳು. ಒಮ್ಮೆ ಕೇಳಿದಳು: “ಅತ್ತೀ, ಇದು ಯಾಕ ಮಾಯವಲ್ದು?”

“ಮಾಯೋ ಕಾಲಕ್ಕ ಮಾಯ್ತದ.”

ಮೇಘಾ ಉಗುರಿನ ಸಂದಿಯಲ್ಲಿ ಒಣಗಿದ್ದ ರಕ್ತವನ್ನು ಒದ್ದೆಬಟ್ಟೆಯಿಂದ ಒರೆಸಿದಳು. ಮತ್ತೆ ಕೇಳಲಿಲ್ಲ. ಗಂಡನಿಗೂ ಹೇಳಲಿಲ್ಲ.

ಆದರೆ ಗಾಯಕ್ಕೆ ತನ್ನದೇ ದಾರಿ ಇರುತ್ತದೆ. ಜಯಂತಿ ಇನ್ನೂ ದೂರವಿದ್ದಾಗಲೇ ಅಂಗೈ ಊದಿತು, ವಾಸನೆ ಹತ್ತಿತು. ಮಣಿಕಟ್ಟಿನಿಂದ ಮೊಣಕೈಯ ಕಡೆಗೆ ಒಂದು ಕೆಂಪು ಗೆರೆ ಏರತೊಡಗಿತು. ಚಳಿ ಬಂದು ಹಲ್ಲು ಕಟಕಟ ಎಂದವು. ಆ ಗೆರೆಯನ್ನು ಆಕೆ ಬೇರೆಯವರ ಕೈಯಲ್ಲಿ ನೋಡಿದ್ದಳು. ಅದು ಎಲ್ಲಿಗೆ ಹೊರಟಿರುತ್ತದೆ ಎಂಬುದೂ ಗೊತ್ತಿತ್ತು. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಸಿಸ್ಟರ್, ನಿಮಗ ನಾ ಹೇಳಬೇಕೇನು? ಇಂಜೆಕ್ಷನ್ ಶುರು ಮಾಡ್ತೀನಿ. ಇನ್ನೊಂದು ವಾರ ಹಿಂಗೇ ನಡದ್ರ ಬೆರಳು ಉಳಿಯಂಗಿಲ್ಲ. ಕೈ ಉಳೀತದಂತನೂ ನಾ ಹೇಳಲಾರೆ.”

ಹಾಗಾದರೆ ಆಯ್ಕೆ ಇಷ್ಟೇ. ಗಾಯ ಮಾಯಿಸಿದರೆ ಜಯಂತಿಯೊಳಗೆ ಬೆರಳು ಮಡಚಲು ಬರುತ್ತವೆ; ಸಹಿ ಮಾಡಿಸುತ್ತಾರೆ; ಕೋಣೆ ಹೋಗುತ್ತದೆ. ಮಾಯಿಸದಿದ್ದರೆ ಕೈ ಹೋಗುತ್ತದೆ. ಇಂಜೆಕ್ಷನ್ನಿಗೆ ಜ್ವರ ಇಳಿದ ಮೇಲೂ ಆಕೆ ಗೋಡೆಗೊರಗಿ ಇದನ್ನೇ ತಿರುಗಾಮುರುಗಾ ಹಾಕುತ್ತಿದ್ದಳು. ಅಕ್ಕಿ ಗಿರಣಿಯ ಹೊಟ್ಟಿನ ಬೂದಿ ಗಾಳಿಯಲ್ಲಿ ಬಂದು ಒಣಹಾಕಿದ ಬಟ್ಟೆಯ ಮೇಲೆ ಕೂರುತ್ತಿತ್ತು. ಮೇಘಾ ಕೊಡವುತ್ತಿದ್ದಳು, ಮತ್ತೆ ಕೂರುತ್ತಿತ್ತು. ಕೈ ಹೋದರೆ ಹೋಗಲಿ ಎಂದು ಒಂದು ಮಧ್ಯಾಹ್ನ ಆಕೆ ನಿಜವಾಗಿಯೂ ಅಂದುಕೊಂಡಳು. ಒಂದು ಕೈಯಿಂದಲೂ ಚಿಲಕ ಹಾಕಬಹುದು.

ಮರುದಿನ ಹುಲಿಗೇಶ ಬಂದಿದ್ದ. ಜಯಂತಿಗೆ ಇನ್ನೂ ದಿನಗಳಿದ್ದವು, ಅದರ ತಯಾರಿಯ ಸಭೆಯಲ್ಲಿ ಅವತ್ತು ಅವನ ಭಾಷಣವಿತ್ತು. ಹೆಣ್ಣುಮಕ್ಕಳ ಆಸ್ತಿ ಹಕ್ಕಿನ ಮೇಲೆ ಮಾತಾಡು ಎಂದು ಕಮಿಟಿಯವರು ಹೇಳಿದ್ದರಂತೆ. ಅಪ್ಪ ಮಗ ಊಟಕ್ಕೆ ಕೂತರು. ಕೂಸು ಅಜ್ಜಿಯ ತೊಡೆಯ ಹತ್ತಿರ ಕೂತು ರೊಟ್ಟಿ ಮುರಿದು ತಿನ್ನುತ್ತಿತ್ತು. ಎಡಗೈಯಿಂದ.

“ಏಯ್!” ಹುಲಿಗೇಶ ಕೂಸಿನ ಕೈಗೆ ಫಟ್ಟನೆ ಹೊಡೆದ. ರೊಟ್ಟಿ ಹಾರಿ ಬಿತ್ತು. ಕೂಸು ಉಸಿರು ಕಟ್ಟಿ, ಆಮೇಲೆ ಚೀರಿತು. ಅವನು ಬಡಿಸುತ್ತಿದ್ದ ಮೇಘಾಳ ಕಡೆ ತಿರುಗಿದ. “ಎಷ್ಟು ಸಲ ಹೇಳೀನಿ ನಿನಗ, ಈ ರೊಡ್ಡಿನ್ನ ಎಡಗೈಲೆ ಉಣಿಸಬ್ಯಾಡಂತ? ಮಂದ್ಯಾಗ ಮರ್ಯಾದಿ ಅದ ಏನು? ಸೌಟು ಕಾಸಿ ಒಂದು ಬರಿ ಹಾಕು, ತಾನ ಬುದ್ಧಿ ಬರ್ತದ.”

“ಕೂಸಿಗೆ ಏನು ಬರಿ ಹಾಕ್ತೀರಿ?” ಎಂದಳು ಮೇಘಾ. ಆ ಮನೆಗೆ ಬಂದ ಮೇಲೆ ಅವಳು ಆಡಿದ ಜೋರಿನ ಮಾತು ಅದೊಂದೇ. “ಬೇಕಾದ್ರ ನನಗ ಹಾಕ್ರಿ.”

ಹುಲಿಗೇಶ ನೀರಿನ ಚಂಬು ಎತ್ತಿ ಬೀಸಿದ. ಹಿತ್ತಾಳೆಯ ಅಂಚು ಮೇಘಾಳ ಹುಬ್ಬಿಗೆ ಬಡಿಯಿತು. ರಕ್ತ ಕಣ್ಣಿನ ಮೇಲಿಳಿದು ಗದ್ದದಿಂದ ತೊಟ್ಟಿಕ್ಕಿತು. ವೆಂಕೋಬ ತನ್ನ ತಟ್ಟೆಯನ್ನು ಸ್ವಲ್ಪ ಆಚೆ ಸರಿಸಿಕೊಂಡ. “ಊಟದ ಹೊತ್ತಿನ್ಯಾಗ ಏನಿದು,” ಎಂದು ಗೊಣಗಿ ತುತ್ತು ಬಾಯಿಗಿಟ್ಟ. ಉಂಡು ಕೈ ತೊಳೆದು ಇಬ್ಬರೂ ಸಭೆಗೆ ಹೋದರು.

ಪಾರ್ವತೆಮ್ಮ ಮೇಘಾಳನ್ನು ಕಿಟಕಿಯ ಬೆಳಕಿಗೆ ಕೂಡಿಸಿದಳು. ಹತ್ತಿ ಒತ್ತಿ ಹಿಡಿದಳು, ರಕ್ತ ನಿಲ್ಲುವತನಕ ಕಾದಳು, ಗಾಯದ ಎರಡು ಅಂಚನ್ನೂ ಬೆರಳಿನಿಂದ ಕೂಡಿಸಿ ಪಟ್ಟಿ ಅಂಟಿಸಿದಳು. ಒಂದರ ಪಕ್ಕ ಒಂದು, ಸಣ್ಣ ಸಣ್ಣ ಪಟ್ಟಿಗಳು, ನೇರವಾಗಿ. ಮೇಘಾ ಒಂದೇ ಕಣ್ಣಿನಿಂದ ನೋಡುತ್ತಿದ್ದಳು.

“ಅತ್ತೀ, ನಿಮ್ಮ ಎಡಗೈ ಎಷ್ಟು ಚಲೋ ನಡೀತದ.”

ಪಾರ್ವತೆಮ್ಮ ತನ್ನ ಕೈಯನ್ನು ಯಾರದೋ ಎಂಬಂತೆ ನೋಡಿದಳು. ಎಡಗೈಯ ಹಿಂಬದಿಯಲ್ಲಿ ಒಂದು ಹಳೆಯ ಬರೆ ಇತ್ತು, ಸೌಟಿನ ಬಾಯಿಯಷ್ಟು ಅಗಲ. ಸಣ್ಣವಳಿದ್ದಾಗ ಒಲೆಗೆ ಕೈ ತಾಗಿತ್ತು ಎಂದು ಗಂಡನಿಗೂ ಹೇಳಿದ್ದಳು, ಮಗನಿಗೂ ಹೇಳಿದ್ದಳು. ಹೇಳಿ ಹೇಳಿ ತಾನೂ ಹಾಗೇ ನಂಬಿದ್ದಳು. ಒಲೆಯಲ್ಲ. “ಗಂಡನ ಮನಿಯಾಗ ನಗ್ತಾರ ರೊಡ್ಡಿ” ಎಂದು, ಎಲ್ಲಕ್ಕೂ ಎಡಗೈ ಚಾಚುವ ಮಗಳಿಗೆ ಆಕೆಯ ತಾಯಿ ಅಳುತ್ತಲೇ ಹಾಕಿದ ಬರೆ. ಅದಾದ ಮೇಲೆ ಊಟ, ಸ್ಲೇಟು, ಸಹಿ ಎಲ್ಲ ಬಲಗೈಗೆ ಹೋದವು. ಎಡಗೈ ಆಸ್ಪತ್ರೆಯಲ್ಲಿ ಮಾತ್ರ ಕದ್ದು ಎದ್ದು ಬರುತ್ತಿತ್ತು. ಕೂಸುಗಳ ನರ ಸಿಗದಿದ್ದಾಗ ಡಾಕ್ಟರೇ, “ಸಿಸ್ಟರ್, ನಿಮ್ಮ ಎಡಗೈ ಕರೀರಿ” ಎನ್ನುತ್ತಿದ್ದರು. ವೆಂಕೋಬನಿಗೆ ಇದು ಗೊತ್ತಿರಲಿಲ್ಲ. ಇಷ್ಟು ವರ್ಷ ಆಕೆಯ ಸಂಬಳ ಎಣಿಸಿದವನು ಆಕೆ ಕೆಲಸ ಮಾಡುವುದನ್ನು ಒಮ್ಮೆಯೂ ನೋಡಿರಲಿಲ್ಲ.

ಇನ್ನೊಂದು ಕೈ ಇರಲಿಲ್ಲೇನು, ಎಂದಿದ್ದ ಮಗ.

ಮೇಘಾ ಕೂಸನ್ನು ಹೆಗಲಿಗೆ ಹಾಕಿಕೊಂಡು ಮಲಗಿಸಲು ಹೋದಳು. ಪರಾತದಲ್ಲಿ ಸಂಜೆಯ ರೊಟ್ಟಿಗೆ ಜರಡಿ ಹಿಡಿದ ಹಿಟ್ಟಿತ್ತು. ಪಾರ್ವತೆಮ್ಮ ಅದರ ಮುಂದೆ ಕೂತು, ಹಿಟ್ಟನ್ನು ಸಮ ಮಾಡಿ, ಎಡಗೈಯ ತೋರುಬೆರಳಿನಿಂದ ತನ್ನ ಹೆಸರು ಬರೆದಳು. ಮೊದಲನೆಯದು ಅತ್ತಿತ್ತ ವಾಲಿತು. ಅಳಿಸಿ ಮತ್ತೆ ಬರೆದಳು. ಬಲಗೈಯ ಸಹಿಯ ಹಾಗಿರಲಿಲ್ಲ ಅದು. ದುಂಡಗಿತ್ತು, ದೊಡ್ಡದಿತ್ತು, ಸ್ಲೇಟಿನ ಮೇಲೆ ಮೊದಲ ಸಲ ಬರೆದು ಅವ್ವನಿಗೆ ತೋರಿಸಲು ಓಡಿದ ಹುಡುಗಿಯದಾಗಿತ್ತು. ಮೂರನೆಯದು ಎರಡನೆಯದರ ಹಾಗೇ ಬಂತು. ಬ್ಯಾಂಕಿಗೆ ಬೇಕಾದದ್ದು ಅದಷ್ಟೇ: ಪ್ರತಿ ಸಲ ಒಂದೇ ಥರ ಬರುವುದು.

ಇಂಜೆಕ್ಷನ್ನಿಗೆ ದಿನಾ ಬೆಳಿಗ್ಗೆ ಆಕೆ ಒಬ್ಬಳೇ ಆಸ್ಪತ್ರೆಗೆ ಹೋಗುತ್ತಿದ್ದಳು. ಕೈ ಹೀಗಿರುವಾಗ ಎಲ್ಲಿಗೆ ಹೋದಾಳು ಎಂದು ವೆಂಕೋಬ ಜೊತೆಗೆ ಬರುವುದನ್ನು ಬಿಟ್ಟಿದ್ದ. ಆಸ್ಪತ್ರೆಯ ಮುಂದಿನಿಂದ ಮಾನ್ವಿಯ ಬಸ್ಸು ಹೋಗುತ್ತದೆ. ಶೈಲಶ್ರೀಯ ಮುಂದೆ ಕೂತು, ಸೂಗಪ್ಪನ ಹಾಗೆ ಹೊಸ ಸಹಿ ಕೊಟ್ಟು ಬಂದರಾಯಿತು. ಆಮೇಲೆ ಬಲಗೈ ಮಾಯಲಿ, ಬೆರಳು ಮಡಚಲಿ, ಎಲ್ಲಿ ಬೇಕಾದರೂ ಸಹಿ ಮಾಡಲಿ. ಆ ಸಹಿಗೆ ಯಾವ ಬಾಗಿಲೂ ತೆರೆಯುವುದಿಲ್ಲ. ಅಲ್ಲಿಯತನಕ ಅವರು ಮುಲಾಮು ಹಚ್ಚಿಕೊಂಡು ಕಾಯುತ್ತಿರಲಿ.

ಹೊಸ ಸಹಿ ಮೊದಲು ಯಾವುದಕ್ಕೆ ಬೀಳಬೇಕು ಎಂದೂ ಆಕೆ ಯೋಚಿಸಿದಳು. ಒಳಕೋಣೆಯಿಂದ ಕೂಸಿನ ಬಿಕ್ಕು ಇನ್ನೂ ಕೇಳುತ್ತಿತ್ತು. ನಾಗಪುರದವಳ ಕೋಣೆ ಸಣ್ಣದು, ಆದರೆ ಮುಂದೆ ಬಯಲಿತ್ತು. ಕೂಸನ್ನೂ ಅದರ ತಾಯಿಯನ್ನೂ ಈ ಮನೆಯಲ್ಲಿ ಬಿಟ್ಟು ಹೋಗುವುದಿಲ್ಲ ಎಂಬುದನ್ನೂ ಆಗಲೇ ತೀರ್ಮಾನಿಸಿದಳು. ಸುಗ್ರಾಳಿಗೂ ಅದನ್ನು ಹೇಳುವುದು ಬೇಡ ಎನ್ನಿಸಿತು.

ಆಕೆ ಎದ್ದು ನೀರು ಕಾಯಿಸಿ ಆರಿಸಿದಳು. ಅಂಗೈಯ ಬಟ್ಟೆ ಬಿಚ್ಚಿ, ಗಾಯವನ್ನು ಬೇರೆ ಯಾರದೋ ಗಾಯ ತೊಳೆದ ಹಾಗೆ, ಚೊಕ್ಕಟವಾಗಿ ತೊಳೆದು, ಮುಲಾಮು ಹಚ್ಚಿ ಹೊಸ ಬಟ್ಟೆ ಸುತ್ತಿದಳು.

ಸಂಜೆ ಬಂದ ವೆಂಕೋಬ ಕೈ ಎತ್ತಿ ನೋಡಿದ. “ಹಾಂ. ಇವತ್ತು ಬಾವು ಇಳದಂಗ ಕಾಣ್ತದ.”

“ಹೌದ್ರೀ,” ಎಂದಳು ಪಾರ್ವತೆಮ್ಮ. “ಇನ್ನ ಮಾಯ್ತದ.”

ಅಡಿಗೆಮನೆಯಲ್ಲಿ ಮೇಘಾ ಪರಾತದ ಹಿಟ್ಟಿನಲ್ಲಿ ಬರೆದಿದ್ದನ್ನು ಒಂದು ಗಳಿಗೆ ನೋಡಿದಳು. ಆಮೇಲೆ ನೀರು ಹಾಕಿ ನಾದಿದಳು.